ಮುಕಿಲ್ಟಿಯೊ ಫೆರ್ರಿಯಲ್ಲಿ ಆಕಾಂಗ್

ಕನಸು ಬೀಳಲೆಂದು ಯಾರೂ ಮುಂಚಿತವಾಗಿ ತಯಾರಾಗಿ ಮಲಗುವುದಿಲ್ಲ. ಯೆನ್ ಮಾತ್ರ ಹಾಗೆ ಮಲಗುತ್ತಿದ್ದಳು. ತಪ್ಪು ಅವಳದಲ್ಲ, ಅವಳ ರೂಮ್‌ಮೇಟ್ ನಿಸರ್ಗಳದು. ಸಿಯಾಟಲ್‌ನ ಕಾಲೇಜಿನಲ್ಲಿ ಭಾಷಾಶಾಸ್ತ್ರ ಓದುತ್ತಿದ್ದ ನಿಸರ್ಗಳಿಗೆ, ಹಲವು ಭಾಷೆ ಬಲ್ಲ ಒಬ್ಬರನ್ನು ಹಿಡಿದು ಪ್ರಶ್ನೆ ಕೇಳಿ ಬರೆಯುವ ಅಸೈನ್‌ಮೆಂಟ್ ಬಂದಿತ್ತು. ಎದುರಿನ ಮಂಚದಲ್ಲೇ ಐದು ಭಾಷೆಯ ಹುಡುಗಿಯೊಬ್ಬಳು ಕಾಲು ಚಾಚಿ ಕೂತು ನೂಡಲ್ಸ್ ತಿನ್ನುತ್ತಿದ್ದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವಷ್ಟು ದಡ್ಡಿಯಲ್ಲ ನಿಸರ್ಗ.

"ಮನೇಲಿ ಯಾವ್ ಲ್ಯಾಂಗ್ವೇಜ್?" ಎಂದು ಶುರು ಮಾಡಿದಳು.

ಮನೆಯಲ್ಲಿ ತಿಯೋಚೂ. ದಕ್ಷಿಣ ಚೀನಾದ ಕರಾವಳಿಯಿಂದ ವಿಯೆಟ್ನಾಮಿಗೆ ಹೋಗಿ ತಲೆಮಾರುಗಳ ಕಾಲ ನೆಲೆಸಿದ ಜನರ ಭಾಷೆ ಅದು. ಅಮ್ಮನ ಕಡೆಯವರೊಂದಿಗೆ ಕ್ಯಾಂಟನೀಸ್. ಮೀನಿನಂಗಡಿಯಲ್ಲಿ ವಿಯೆಟ್ನಾಮೀಸ್. ಕ್ಲಾಸಿನಲ್ಲಿ ಮ್ಯಾಂಡರಿನ್, ಅದೂ ದುಡ್ಡು ಕೊಟ್ಟು ಕಲಿತದ್ದು. ಉಳಿದದ್ದಕ್ಕೆಲ್ಲ ಇಂಗ್ಲಿಷ್. ಬೈಯುವಾಗ ಯಾವುದು, ಲೆಕ್ಕ ಮಾಡುವಾಗ ಯಾವುದು, ನಾಯಿಯನ್ನು ಕರೆಯುವಾಗ ಯಾವುದು ಎಂದು ಎಲ್ಲವನ್ನೂ ಕೇಳಿದ ಮೇಲೆ ನಿಸರ್ಗ ಕೊನೆಯ ಪ್ರಶ್ನೆಗೆ ಬಂದಳು.

"ಕನಸಲ್ಲಿ?"

ಯೆನ್ ನೂಡಲ್ಸ್ ಬಟ್ಟಲನ್ನು ಕೆಳಗಿಟ್ಟಳು. ಇಪ್ಪತ್ತು ವರ್ಷ ಕನಸು ಕಂಡಿದ್ದಾಳೆ, ಅಲ್ಲಿ ಯಾರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂದು ಒಮ್ಮೆಯೂ ಗಮನಿಸಿಲ್ಲ. "ನೋಡಿ ಹೇಳ್ತೀನಿ" ಎಂದಳು, ಫ್ರಿಜ್ಜಿನಲ್ಲಿ ಹಾಲಿದೆಯೋ ಇಲ್ಲವೋ ನೋಡಿ ಹೇಳುವವರ ಧಾಟಿಯಲ್ಲಿ.

ಭಾಷೆಯ ಪ್ರಶ್ನೆ ಅವಳಿಗೆ ಬರೀ ಅಸೈನ್‌ಮೆಂಟ್ ಆಗಿರಲಿಲ್ಲ. ಕಾಲೇಜಿಗೆ ಸೇರಿದ ಮೊದಲ ವಾರವೇ ವಿಯೆಟ್ನಾಮೀ ವಿದ್ಯಾರ್ಥಿಗಳ ಸಂಘಕ್ಕೆ ಹೋಗಿದ್ದಳು. ಅಲ್ಲಿಯವರು ಅವಳ ಉಚ್ಚಾರ ಕೇಳಿ, ಕ್ವಾಕ್ ಎಂಬ ಮನೆತನದ ಹೆಸರು ಕೇಳಿ, "ಓ, ನೀನು ಚೈನೀಸ್!" ಎಂದು ಪ್ರೀತಿಯಿಂದಲೇ ಹೇಳಿದರು. ಚೀನೀ ವಿದ್ಯಾರ್ಥಿಗಳ ಸಂಘಕ್ಕೆ ಹೋದರೆ ಅವರು ಅವಳ ಮ್ಯಾಂಡರಿನ್ ಕೇಳಿ, "ಓ, ನೀನು ವಿಯೆಟ್ನಾಮೀಸ್!" ಎಂದು ಅಷ್ಟೇ ಪ್ರೀತಿಯಿಂದ ಹೇಳಿದರು. ಎರಡೂ ಕಡೆ ತಿಂಡಿ ಚೆನ್ನಾಗಿತ್ತು. ಅವಳು ಎರಡೂ ಕಡೆ ತಿಂದು, ಎರಡೂ ಕಡೆಯಿಂದ ಬೇಗ ಎದ್ದು ಬಂದಳು. ಬಂದವಳು ಸ್ವಲ್ಪ ಅತ್ತಳು ಕೂಡ.

ನಿಸರ್ಗಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವಳ ಅಪ್ಪ ಅಮ್ಮ ತುಮಕೂರಿನ ಕಡೆಯವರು. ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ಸಿಯಾಟಲ್ ಪಕ್ಕದ ಫ್ಯಾಕ್ಟೋರಿಯಾದ ಮನೆಯಲ್ಲಿ ಹುಟ್ಟಿ ಬೆಳೆದ ಇವಳು ಎರಡನ್ನೂ ಅರ್ಥ ಮಾಡಿಕೊಂಡು, ಎರಡಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. "ನಮ್ಮನೇಲಿ ಇದನ್ನ ಯಾರೂ ಪ್ರಾಬ್ಲಮ್ ಅಂತಾನೇ ಅಂದ್ಕೊಂಡಿಲ್ಲ ಕಣೇ" ಎನ್ನುತ್ತಿದ್ದಳು. ಆದರೆ ಯೆನ್ ಮನೆಯಲ್ಲಿ ಒಂದು ಕಾನೂನಿತ್ತು. ಅದನ್ನು ಮಾಡಿದವಳು ಅಜ್ಜಿ, ಅಂದರೆ ಆಮಾ. ಮನೆಯೊಳಗೆ ತಿಯೋಚೂ ಬಿಟ್ಟು ಬೇರೆ ಮಾತಿಲ್ಲ, ಅದರಲ್ಲೂ ವಿಯೆಟ್ನಾಮೀಸ್ ಒಂದಕ್ಷರವೂ ಕೂಡದು. "ನಾವು ಚೀನದವರು" ಎಂದು ಆಮಾ ಹೇಳಿದ ಮೇಲೆ ಮುಗಿಯಿತು. ಅದೇ ಆಮಾ ಸಿಯಾಟಲ್‌ನ ವಿಯೆಟ್ನಾಮೀ ಪೇಟೆ ಲಿಟಲ್ ಸೈಗಾನ್‌ನ ಅಂಗಡಿಯಲ್ಲಿ ವಿಯೆಟ್ನಾಮೀಸ್‌ನಲ್ಲಿ ಚೌಕಾಸಿ ಮಾಡುತ್ತಿದ್ದರೆ ಮೀನು ಮಾರುವವನು ಕೈಮುಗಿಯಬೇಕು, ಅಷ್ಟು ಚೆಂದ. ಕಾರಿನ ಬಾಗಿಲು ಮುಚ್ಚಿದ ಕೂಡಲೇ ಆ ಭಾಷೆಯೂ ಮುಚ್ಚಿಹೋಗುತ್ತಿತ್ತು.

ಕನಸು ಬಿದ್ದದ್ದು ಬೆಳಗಿನ ಜಾವ, ಕಿಟಕಿಯಾಚೆ ಬೆಳಕಿನ್ನೂ ಹಾಲು ಬೆರೆಸಿದ ನೀರಿನಂತಿದ್ದಾಗ. ಯೆನ್ ಮುಕಿಲ್ಟಿಯೊದ ಫೆರ್ರಿಯಲ್ಲಿದ್ದಾಳೆ. ಅವಳ ಮನೆ ಇರುವುದು ಅದೇ ಊರಿನಲ್ಲಿ, ಕಾರುಗಳನ್ನೂ ಜನರನ್ನೂ ಆಚೆ ದಡಕ್ಕೆ ಸಾಗಿಸುವ, ಚಿಕ್ಕಂದಿನಿಂದ ಹತ್ತಿ ಇಳಿದ ಹಡಗು. ಆದರೆ ಇವತ್ತು ಒಳಗೆ ಯಾರೂ ಇಲ್ಲ. ಕೆಳಗೆ ಕಾರುಗಳಿಲ್ಲ, ಎಂಜಿನ್ನಿನ ಸದ್ದಿಲ್ಲ. ಸಮುದ್ರ ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗೆ ಮಲಗಿದೆ. ದಡ ಬರುತ್ತಿಲ್ಲ, ಹೋಗುತ್ತಲೂ ಇಲ್ಲ. ಎದುರಿನ ಬೆಂಚಿನಲ್ಲಿ ಒಬ್ಬ ಕೂತಿದ್ದಾನೆ. ಮೂವತ್ತರ ಆಸುಪಾಸು, ಅಗಲ ಕಾಲರಿನ ಕಂದು ಅಂಗಿ, ಎರಡೂ ಕೈ ಮಂಡಿಯ ಮೇಲೆ. ಅವಳಿಗೆ ಕೂಡಲೇ ಗೊತ್ತಾಯಿತು: ಆಕಾಂಗ್, ಅವಳ ಅಜ್ಜ. ಆಮಾಳ ಕೋಣೆಯ ಡ್ರೆಸ್ಸಿಂಗ್ ಟೇಬಲ್ಲಿನ ಗಾಜಿನ ಕೆಳಗಿರುವ ಫೋಟೋದಲ್ಲಿ ಹೇಗಿದ್ದಾನೋ ಹಾಗೇ ಇದ್ದಾನೆ, ತನಗಿಂತ ಹತ್ತು ವರ್ಷಕ್ಕಷ್ಟೇ ದೊಡ್ಡವನು. ಕನಸಿನೊಳಗೂ ಯೆನ್‌ಗೆ ನಿಸರ್ಗಳ ಪ್ರಶ್ನೆ ನೆನಪಾಯಿತು. ಈಗ ತಿಳಿಯುತ್ತದೆ ಎಂದುಕೊಂಡು ಅವನನ್ನು ಮಾತಾಡಿಸಿದಳು. ತಿಯೋಚೂನಲ್ಲಿ ಕೇಳಿದಳು, ವಿಯೆಟ್ನಾಮೀಸ್‌ನಲ್ಲಿ ಕೇಳಿದಳು, ತನ್ನಲ್ಲಿದ್ದ ಐದನ್ನೂ ಒಂದೊಂದಾಗಿ ತೆಗೆದು ಮುಂದಿಟ್ಟಳು. ಅವನು ಅಕ್ಕರೆಯಿಂದ ಅವಳನ್ನೇ ನೋಡುತ್ತಿದ್ದ. ತುಟಿಗಳನ್ನು ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿದ್ದ. ಎಚ್ಚರವಾದಾಗ ಅವಳ ಕೆನ್ನೆ ಒದ್ದೆಯಾಗಿತ್ತು, ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಭಾನುವಾರ ಬಸ್ಸು ಹಿಡಿದು ಮನೆಗೆ ಹೋದಳು. ಅಮ್ಮ ಭಾನುವಾರವೂ ಪಕ್ಕದ ಊರು ಲಿನ್‌ವುಡ್‌ನಲ್ಲಿ, ಉಗುರು ಅಲಂಕರಿಸುವ ನೇಲ್ ಸಲೂನ್‌ನಲ್ಲಿ ಕೆಲಸದ ಮೇಲಿದ್ದಳು. ವಿಮಾನದ ಕಾರ್ಖಾನೆಯಲ್ಲಿ ದುಡಿಯುವ ಅಪ್ಪನಿಗೆ ಅವತ್ತು ರಜೆ. ಆಮಾ ಊಟಕ್ಕೆ ಬಡಿಸುತ್ತಿದ್ದಳು. ಮೂರು ಜನ, ನಾಲ್ಕು ಬಟ್ಟಲು. ಯೆನ್ ಹುಟ್ಟುವ ಮೊದಲಿನಿಂದಲೂ ಒಂದು ಬಟ್ಟಲು ಹೆಚ್ಚು. ನಾಲ್ಕನೆಯದು ಆಕಾಂಗ್‌ನದು. ಅಪ್ಪ ನಾಲ್ಕು ವರ್ಷದವನಿದ್ದಾಗ ಇವರೆಲ್ಲ ದೋಣಿಯಲ್ಲಿ ವಿಯೆಟ್ನಾಂ ಬಿಟ್ಟು ಹೊರಟರು. ಆಕಾಂಗ್ ಇದ್ದ ದೋಣಿ ಎಲ್ಲಿಗೂ ಮುಟ್ಟಲಿಲ್ಲ. ದೇಹ ಸಿಗಲಿಲ್ಲ, ಸುದ್ದಿಯೂ ಬರಲಿಲ್ಲ. ಅಂಥವರ ಮನೆಗಳಲ್ಲಿ ಹೊರಟ ದಿನವನ್ನೇ ತಿಥಿಯ ದಿನವೆಂದು ಹಿಡಿದು, ಫೋಟೋವನ್ನು ಹಿರಿಯರ ಪೀಠದ ಮೇಲಿಟ್ಟು ಊದುಬತ್ತಿ ಹಚ್ಚುತ್ತಾರೆ. ಆಮಾ ಒಪ್ಪಲಿಲ್ಲ. ಸತ್ತವರು ಕನಸಿನಲ್ಲಿ ಬಂದು ಹೇಳುತ್ತಾರೆ, ಚಳಿ ಅನ್ನುತ್ತಾರೆ, ಹಸಿವು ಅನ್ನುತ್ತಾರೆ, ಇಂಥದ್ದು ಬೇಕು ಅನ್ನುತ್ತಾರೆ. ಇವರು ಬಂದಿಲ್ಲ, ಹೇಳಿಲ್ಲ. ಹೇಳುವ ತನಕ ಬದುಕಿರುವವರ ಲೆಕ್ಕ. ಪೀಠದ ಮೇಲೆ ಆಮಾಳ ಅಪ್ಪ ಅಮ್ಮನ ಫೋಟೋಗಳಷ್ಟೇ ಇದ್ದವು.

ಈಗ ಆಮಾಳಿಗೆ ಹೃದಯದ ಆಪರೇಷನ್ ನಿಗದಿಯಾಗಿತ್ತು. ಡಾಕ್ಟರ್ ಧೈರ್ಯ ಹೇಳಿದ್ದರು. ಆಮಾಳಿಗೆ ಬೇಕಾದದ್ದು ಧೈರ್ಯವಲ್ಲ. "ಗಂಡ ಊಟದ ಮೇಜಿನ ಹತ್ರ ಕೂತಿರುವಾಗ ನಾನೊಬ್ಬಳೇ ಪೀಠ ಹತ್ತಿ ಕೂರೋಕಾಗುತ್ತಾ? ಅಲ್ಲಿ ಹೋಗಿ ಅವರನ್ನ ಹುಡುಕ್ಲಾ, ಬೇಡ್ವಾ? ಇದ್ದಾರೋ ಇಲ್ವೋ ಗೊತ್ತಾಗ್ದೆ ಹೇಗೆ ಹೋಗ್ಲಿ?" ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದಳು. ಯೆನ್ ಅದನ್ನು ಮುದುಕಿಯ ಗೊಣಗಾಟವೆಂದು ಕೇಳಿ ಬಿಟ್ಟಿದ್ದಳು. ಅದಕ್ಕೇ ಬಟ್ಟಲು ಕೈಗೆತ್ತಿಕೊಳ್ಳುತ್ತಾ ಸುಮ್ಮನೆ ಬಾಯಿಬಿಟ್ಟಳು:

"ಆಮಾ, ಮೊನ್ನೆ ಕನಸಲ್ಲಿ ಆಕಾಂಗ್ ಬಂದಿದ್ರು."

ಆಮಾಳ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೇ ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಏನಂದ್ರು?"

ಆ ಮುಖವನ್ನು ಯೆನ್ ಯಾವತ್ತೂ ನೋಡಿರಲಿಲ್ಲ. ಎಪ್ಪತ್ತು ದಾಟಿದ ಮುಖದೊಳಗಿಂದ ಇಪ್ಪತ್ತೆಂಟರ ಹೆಂಗಸೊಬ್ಬಳು ಇಣುಕಿ, ಬಾಗಿಲು ತೆಗೆಯಲೋ ಬೇಡವೋ ಎಂದು ನಿಂತ ಹಾಗಿತ್ತು. ಏನೂ ಹೇಳಲಿಲ್ಲ ಎಂದು ಹೇಗೆ ಹೇಳುವುದು? "ನೆನಪಿಲ್ಲ" ಎಂದಳು.

"ನೆನಪು ಮಾಡ್ಕೊ" ಎಂದಳು ಆಮಾ. "ಮುಂದಿನ ಭಾನುವಾರ ಬಂದು ಹೇಳು. ಅದಾದ್ಮೇಲೆ ನನ್ನ ಆಸ್ಪತ್ರೆಗೆ ಹಾಕ್ತಾರೆ."

ಆ ವಾರವೆಲ್ಲ ಯೆನ್ ಹೊತ್ತಲ್ಲದ ಹೊತ್ತಿನಲ್ಲಿ ಮಲಗಿದಳು. ಲೈಬ್ರರಿಯಲ್ಲಿ, ಬಸ್ಸಿನಲ್ಲಿ, ಮಧ್ಯಾಹ್ನ ಹುಲ್ಲಿನ ಮೇಲೆ. ಫೆರ್ರಿ ಬರಲಿಲ್ಲ. ಬಂದದ್ದೆಲ್ಲ ಪರೀಕ್ಷೆ, ಕಳೆದುಹೋದ ಶೂ, ಗಣಿತದ ಮೇಷ್ಟ್ರು. ಎಚ್ಚರವಿದ್ದಾಗಲೂ ಅರ್ಧ ನೀರಿನ ಮೇಲೆಯೇ ನಡೆದ ಹಾಗೆ ಓಡಾಡುತ್ತಿದ್ದಳು. ಕೊನೆಗೆ ನಿಸರ್ಗಳ ಹತ್ತಿರ ಎಲ್ಲ ಹೇಳಿಕೊಂಡಳು.

ನಿಸರ್ಗ ಸಾಕ್ಸ್ ಮಡಚುತ್ತಾ ಕೇಳಿಸಿಕೊಂಡಳು. "ನಮ್ಮ ಅಜ್ಜಿ ಕನಸಲ್ಲಿ ತಾತ ಬಂದು ಚಕ್ಲಿ ಕೇಳ್ತಾರೆ ಗೊತ್ತಾ? ಅಜ್ಜಿಗೆ ಚಕ್ಲಿ ತಿನ್ನೋ ಆಸೆ ಆದಾಗೆಲ್ಲ ಬರ್ತಾರೆ. ಯಾರೂ ಏನೂ ಕೇಳಲ್ಲ, ಎಲ್ರೂ ಕೂತ್ಕೊಂಡು ಚಕ್ಲಿ ತಿಂತಾರೆ. ಹೇಳ್ಬಿಡೇ ಏನಾದ್ರೂ ಒಳ್ಳೇದನ್ನ. ಪಾಪ, ಆಪರೇಷನ್‌ಗೆ ಹೋಗ್ತಿದ್ದಾರೆ. ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಯೆನ್‌ಗೂ ಅದೇ ಸರಿ ಎನ್ನಿಸಿತು. ಸುಳ್ಳನ್ನು ಅಚ್ಚುಕಟ್ಟಾಗಿ ಕಟ್ಟಿದಳು. ಆಮಾ ಬಳಸುವಂಥ ಹಳೆಯ ಕಾಲದ ತಿಯೋಚೂ ಮಾತುಗಳನ್ನೇ ಆರಿಸಿದಳು. ನಾನು ಸುಖವಾಗಿದ್ದೇನೆ, ಇಲ್ಲಿ ಚಳಿಯಿಲ್ಲ, ನನ್ನನ್ನು ಪೀಠದ ಮೇಲಿಡು, ಆಪರೇಷನ್ನಿಗೆ ಹೆದರಬೇಡ. ಬಸ್ಸಿನುದ್ದಕ್ಕೂ ತುಟಿಯಲ್ಲೇ ಹೇಳಿಕೊಂಡು ಬಂದಳು. ಪಕ್ಕದಲ್ಲಿ ಕೂತವರು ಹುಡುಗಿ ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು.

ಅಪ್ಪ ಮೇಜಿನ ಹತ್ತಿರ ಕೂತಿದ್ದ. ನಾಲ್ಕು ಬಟ್ಟಲಿನಲ್ಲೂ ಅನ್ನ ಹೊಗೆಯಾಡುತ್ತಿತ್ತು. ಆಮಾ ಒಳ್ಳೆಯ ಅಂಗಿ ಹಾಕಿಕೊಂಡಿದ್ದಳು, ತಲೆ ಬಾಚಿ ಪಿನ್ನು ಸಿಕ್ಕಿಸಿದ್ದಳು. ಯಾರನ್ನೋ ಎದುರುಗೊಳ್ಳುವ ಸಿದ್ಧತೆ. ಯೆನ್ ಒಂದೇ ಉಸಿರಿನಲ್ಲಿ ಕಟ್ಟಿದ್ದನ್ನೆಲ್ಲ ಒಪ್ಪಿಸಿದಳು. ಒಂದು ಪದವೂ ತಪ್ಪಲಿಲ್ಲ.

ಆಮಾ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ, "ಯಾವ ಭಾಷೇಲಿ ಹೇಳಿದ್ರು?" ಎಂದಳು.

ನಿಸರ್ಗಳ ಪ್ರಶ್ನೆಯೇ ಮತ್ತೆ ಬಂದಿತ್ತು. ಈ ಸಲ ಯೆನ್ ಹತ್ತಿರ ಉತ್ತರವಿತ್ತು. "ನಮ್ಮ ಭಾಷೇಲೇ ಆಮಾ. ತಿಯೋಚೂನಲ್ಲಿ. ತುಂಬಾ ಚೆನ್ನಾಗಿ ಮಾತಾಡಿದ್ರು."

ಆಮಾ ಕಣ್ಣು ತೆರೆದಳು. ಸಿಟ್ಟಿರಲಿಲ್ಲ. ದೂರದಿಂದ ಬರುವ ಬಸ್ಸು ತಮ್ಮ ಬಸ್ಸಲ್ಲ ಎಂದು ಗೊತ್ತಾದವರು ಮತ್ತೆ ಬೆಂಚಿನ ಮೇಲೆ ಕೂರುವಂತೆ ಕುರ್ಚಿಗೆ ಒರಗಿದಳು.

"ಹಾಗಾದ್ರೆ ಅವರಲ್ಲ" ಎಂದಳು. "ಊಟ ಮಾಡು, ಆರಿಹೋಗುತ್ತೆ."

"ಅಂದ್ರೆ?" ಎಂದ ಅಪ್ಪ.

"ಅವರಿಗೆ ತಿಯೋಚೂ ಬರ್ತಿರಲಿಲ್ಲ. ಅವರು ವಿಯೆಟ್ನಾಮಿನವರು."

ಅಪ್ಪನ ಚಾಪ್‌ಸ್ಟಿಕ್ ಮೇಜಿನ ಮೇಲೆ ಉರುಳಿತು. ಆಮಾ ಅದನ್ನು ಎತ್ತಿ, ಒರೆಸಿ, ಅವನ ಮುಂದಿಟ್ಟಳು. ಹಾಗೆ ಇಡುತ್ತಲೇ ಹೇಳತೊಡಗಿದಳು. ಅಡುಗೆ ಹೇಗೆ ಮಾಡಿದೆ ಎಂದು ಯಾರಾದರೂ ಕೇಳಿದರೆ ಹೇಳುವ ಹಾಗೆ, ಒಂದಾದ ಮೇಲೆ ಒಂದು.

ದಕ್ಷಿಣ ವಿಯೆಟ್ನಾಮಿನ ಸೋಕ್ ಚಾಂಗ್ ಎಂಬ ಊರು. ಆಮಾಳ ಮನೆಯವರು ಮೂಲಂಗಿ ಉಪ್ಪಿನಲ್ಲಿ ಹಾಕಿ ಮಾರುವ ತಿಯೋಚೂ ಜನ. ಆಕಾಂಗ್ ಪಕ್ಕದ ಬೀದಿಯ ವಿಯೆಟ್ನಾಮೀ ಹುಡುಗ, ಶಾಲೆಯಲ್ಲಿ ಮೇಷ್ಟ್ರು. ಇಬ್ಬರೂ ಇಷ್ಟಪಟ್ಟು ಮದುವೆಯಾದರು, ಎರಡೂ ಮನೆಯವರು ಒಂದಿಷ್ಟು ದಿನ ಮುಖ ಗಂಟಿಕ್ಕಿಕೊಂಡು ಆಮೇಲೆ ಸರಿಹೋದರು. ಯುದ್ಧ ಮುಗಿದ ಮೇಲೆ ಚೀನೀ ಮೂಲದವರ ಅಂಗಡಿಗಳನ್ನು ಸರಕಾರ ಕಿತ್ತುಕೊಂಡಿತು. ಚಿನ್ನ ಕೊಟ್ಟರೆ ಚೀನೀ ಜನ ದೋಣಿ ಹತ್ತಿ ಹೋಗಬಹುದು, ಅಧಿಕಾರಿಗಳು ಕಣ್ಣು ಮುಚ್ಚಿಕೊಳ್ಳುತ್ತಾರೆ, ಎಂಬ ಕಾಲ ಬಂತು. ಆದರೆ ವಿಯೆಟ್ನಾಮಿನವರು ಹೋಗುವಂತಿರಲಿಲ್ಲ. ಆಮಾಳ ತಮ್ಮನೊಬ್ಬ ಜ್ವರ ಬಂದು ತೀರಿಕೊಂಡಿದ್ದ, ಅವನ ಕಾಗದಗಳು ಮನೆಯಲ್ಲಿದ್ದವು. ಆಕಾಂಗ್ ಆ ಹೆಸರನ್ನು ಹೊತ್ತುಕೊಂಡ. ಕಾಗದದ ಮೇಲೆ ಗಂಡ ಹೋಗಿ ತಮ್ಮನಾದ. ಹೆಸರು ಬಂದ ಹಾಗೆ ಭಾಷೆ ಬರಬೇಕಲ್ಲ?

"ಕಲಿಸ್ದೆ. ರಾತ್ರಿಯೆಲ್ಲಾ ಕೂರಿಸ್ಕೊಂಡು ಕಲಿಸ್ದೆ" ಎಂದಳು ಆಮಾ, ಅವಳ ಬಾಯಂಚಿನಲ್ಲಿ ನಗೆಯಿತ್ತು. "ಅವರು ತಿಯೋಚೂ ಆಡಿದ್ರೆ ಸಮುದ್ರದ ಮೀನೂ ನಗ್ತಿತ್ತು. ಅದಕ್ಕೇ ಹೇಳ್ದೆ: ನೀವು ಬಾಯಿ ತೆಗೀಬೇಡಿ. ಯಾರು ಏನೇ ಕೇಳ್ಲಿ, ಏನೇ ಆಗ್ಲಿ, ಒಂದು ಮಾತೂ ಬೇಡ. ಮೂಗ ಅಂತ ಹೇಳ್ತೀನಿ. ನಾನು ಹೇಳೋ ತನಕ ಬಾಯಿ ಬಿಡ್ಬೇಡಿ. ಆಯ್ತು ಅಂತ ತಲೆ ಅಲ್ಲಾಡ್ಸಿದ್ರು. ಆ ಹೊತ್ತಿನಿಂದ್ಲೇ ಶುರು ಮಾಡ್ಬಿಟ್ರು, ಮೇಷ್ಟ್ರಲ್ವಾ."

ನದಿ ಸಮುದ್ರ ಸೇರುವಲ್ಲಿ ಎರಡು ದೋಣಿಗಳಿದ್ದವು. ಹೆಂಗಸರು, ಮಕ್ಕಳು, ಸಂಸಾರಸ್ಥರು ಒಂದಕ್ಕೆ. ಒಂಟಿ ಗಂಡಸರು ಇನ್ನೊಂದಕ್ಕೆ. ದೋಣಿಯವನು ಹೆಸರು ಕೂಗಿದ. ಕ್ವಾಕ್ ಮನೆಯ ತಮ್ಮ, ಮದುವೆಯಾಗದವನು, ಆ ಕಡೆ. ಇವಳು ಮಗುವನ್ನೆತ್ತಿಕೊಂಡು ಆಗಲೇ ಈ ದೋಣಿಯೊಳಗಿದ್ದಳು, ಹಿಂದೆ ಜನ ನೂಕುತ್ತಿದ್ದರು. ನಾನು ಅವಳ ಗಂಡ ಎಂದು ಅವನು ಒಂದು ಮಾತು ಕೂಗಿದ್ದರೆ ಸಾಕಿತ್ತು. ಆದರೆ ಅದು ವಿಯೆಟ್ನಾಮೀಸ್ ಆಗುತ್ತಿತ್ತು, ದಡದಲ್ಲಿ ಪೊಲೀಸರಿದ್ದರು. ಹಿಡಿದು ಇಳಿಸುತ್ತಿದ್ದರೋ, ಹತ್ತಿಸುತ್ತಿದ್ದರೋ, ಯಾರಿಗೆ ಗೊತ್ತು. ಅವನು ಕೂಗಲಿಲ್ಲ. ಆ ದೋಣಿ ಹತ್ತಿ ಅಂಚಿನಲ್ಲಿ ಕೂತ. ಎರಡು ದೋಣಿಗಳೂ ಸ್ವಲ್ಪ ದೂರ ಜೊತೆಜೊತೆಗೇ ಹೋದವು.

"ಆಮೇಲೆ ದೂರ ಆದ್ವು. ಕಾಗದದ ಸುಳ್ಳು ಗೊತ್ತಾದ್ರೆ ವಾಪಸ್ ಅಟ್ತಾರೆ ಅಂತ ಇಲ್ಲಿಗೆ ಬಂದ್ಮೇಲೆ ನಾನೂ ಬಾಯಿ ಬಿಡ್ಲಿಲ್ಲ" ಎಂದು ಮುಗಿಸಿದಳು.

ಹೊರಗೆ ನಿಜವಾದ ಫೆರ್ರಿ ಎಲ್ಲೋ ಉದ್ದಕ್ಕೆ ಹಾರ್ನ್ ಊದಿತು. ಅಪ್ಪ ತನ್ನ ಅಂಗೈಗಳನ್ನೇ ನೋಡುತ್ತಾ ಕೂತಿದ್ದ. ಕಾರ್ಖಾನೆಯಲ್ಲಿ ಅವನ ಪಾಳಿಯ ಅರ್ಧದಷ್ಟು ಜನ ವಿಯೆಟ್ನಾಮಿನವರು, ಊಟಕ್ಕೆ ಕರೆದರೆ "ನಾನು ಚೈನೀಸ್" ಎಂದು ನಕ್ಕು ಬೇರೆ ಮೇಜಿಗೆ ಹೋಗಿ ಕೂರುವವನು. ಯೆನ್‌ಗೆ ಎರಡು ಸಂಘಗಳ ತಿಂಡಿ ತಟ್ಟೆಗಳು ಕಣ್ಣ ಮುಂದೆ ಬಂದು ಹೋದವು. ತಾನು ಇಷ್ಟು ವರ್ಷ ಯಾರೆಂದುಕೊಂಡಿದ್ದೆನೋ ಅವಳಲ್ಲ ಎಂಬ ಯೋಚನೆ ಬಂತು, ಬಂದಷ್ಟೇ ಬೇಗ ಪಕ್ಕಕ್ಕೆ ಸರಿಯಿತು. ಅದಕ್ಕೆ ಆಮೇಲೆ ಸಮಯವಿದೆ. ಈಗ ಅವಳ ಗಂಟಲಲ್ಲಿ ಬಿಸಿ ತುಪ್ಪವಿತ್ತು, ಉಗುಳದೆ ವಿಧಿಯಿರಲಿಲ್ಲ.

"ಆಮಾ, ನಾನು ಸುಳ್ಳು ಹೇಳ್ದೆ."

"ಗೊತ್ತಾಯ್ತು ಬಿಡು."

"ಅಲ್ಲ, ಅವರು ಬಂದಿದ್ದು ನಿಜ. ಅಗಲ ಕಾಲರಿನ ಕಂದು ಅಂಗಿ. ಹೇಳಿದ್ದು ಸುಳ್ಳು. ಅವರು ಏನೂ ಹೇಳ್ಲಿಲ್ಲ ಆಮಾ. ನಾನು ಎಲ್ಲಾ ಭಾಷೇಲೂ ಕೇಳ್ದೆ. ಒಂದು ಮಾತೂ ಆಡ್ಲಿಲ್ಲ."

ಆಮಾ ಮುಂದಕ್ಕೆ ಬಾಗಿದಳು. "ಒಂದೂ?"

"ಒಂದೂ ಇಲ್ಲ. ನನ್ನೇ ನೋಡ್ತಿದ್ರು. ಬಾಯಿ ಹೀಗೆ ಮುಚ್ಕೊಂಡಿದ್ರು."

ಯೆನ್ ತುಟಿಗಳನ್ನು ಒಳಕ್ಕೆಳೆದು ಬಿಗಿಯಾಗಿ ಮುಚ್ಚಿ ತೋರಿಸಿದಳು. ಆಮಾ ಎದ್ದು ಮೇಜನ್ನು ಸುತ್ತಿ ಬಂದಳು, ಮೊಮ್ಮಗಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಇನ್ನೊಂದ್ ಸಲ ತೋರ್ಸು."

ತೋರಿಸಿದಳು. ಆಮಾ ಬಹಳ ಹೊತ್ತು ನೋಡಿದಳು. ಅವಳ ಹೆಬ್ಬೆರಳು ಆ ಮುಚ್ಚಿದ ತುಟಿಗಳ ಮೇಲೆ ಒಮ್ಮೆ ಮೆಲ್ಲಗೆ ಆಡಿತು.

"ಅವರೇ" ಎಂದಳು. "ಅಯ್ಯೋ, ಹುಚ್ಚು ಮೇಷ್ಟ್ರೇ. ನಾನು ಹೇಳೋ ತನಕ ಅಂದಿದ್ನಲ್ಲ, ನಾನು ಹೇಳ್ಲೇ ಇಲ್ವಲ್ಲ."

ಆಮೇಲೆ ಅತ್ತಳು. ಮೆಲ್ಲಗಲ್ಲ, ಮರೆಯಲ್ಲಲ್ಲ, ಬಾಯಿ ತೆರೆದು, ಅಡುಗೆಮನೆಯೆಲ್ಲ ತುಂಬುವ ಹಾಗೆ ಅತ್ತಳು. ಅಪ್ಪ ಎದ್ದು ಏನು ಮಾಡಬೇಕೆಂದು ತಿಳಿಯದೆ ನಿಂತ. ಕೊನೆಗೆ ಅವಳೇ ಕಣ್ಣೊರೆಸಿಕೊಂಡು, "ಹುಂಗ್, ನಿಮ್ಮಪ್ಪನ ಫೋಟೋ ತಗೊಂಬಾ" ಎಂದಳು. ಅವನು ಗಾಜು ಸರಿಸಿ ಫೋಟೋ ತಂದ. ಪೀಠದ ಮೇಲೆ ಆಮಾ ತನ್ನ ಅಪ್ಪ ಅಮ್ಮನನ್ನು ಸ್ವಲ್ಪ ಸರಿಸಿ ಜಾಗ ಮಾಡಿದಳು. ಅಪ್ಪ ನಾಲ್ಕನೆಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮುಂದಿಟ್ಟ. ಊದುಬತ್ತಿಯ ಹೊಗೆ ಮೇಲೆದ್ದು, ಕಿಟಕಿಯ ಮಂಜು ಬೆಳಕಿನಲ್ಲಿ ದಾರಿ ತಪ್ಪಿ ಅಲ್ಲೇ ಸುತ್ತುತ್ತಿತ್ತು.

ಆಮಾ ಪೀಠದ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. "ಆನ್ ಓಯ್" ಎಂದಳು. ನಮ್ಮ ಹೆಂಗಸರು "ರೀ" ಎನ್ನುವಲ್ಲಿ ವಿಯೆಟ್ನಾಮಿನ ಹೆಂಗಸರು ಹೀಗೆ ಕರೆಯುತ್ತಾರೆ. ಈ ಮನೆಯ ಗೋಡೆಗಳು ಕೇಳಿದ ಮೊದಲ ವಿಯೆಟ್ನಾಮೀಸ್ ಮಾತು ಅದು. ಮೀನಿನಂಗಡಿಯ ದನಿಯಲ್ಲ, ಯೆನ್ ಎಂದೂ ಕೇಳದ ಎಳೆಯ ದನಿ.

"ರೀ, ಬಂದು ಮುಟ್ಟಿದ್ವಿ. ಇನ್ನು ಮಾತಾಡಿ."

ಆಮೇಲೆ ತಿರುಗಿ, ಆಪರೇಷನ್ನಿನ ಮಾತೇ ಮರೆತವಳ ಹಾಗೆ, ಮೊಮ್ಮಗಳಿಗೆ ಹೇಳಿದಳು: "ನೀನು ಹೋಗಿ ಸ್ವಲ್ಪ ಮಲ್ಕೊ. ನಿನ್ನ ಹತ್ರ ಬರೋದು ಅವರಿಗೆ ಅಭ್ಯಾಸ ಆಗಿದೆ."

ಯೆನ್ ಸೋಫಾದ ಮೇಲೆ ಮಲಗಿ ಕಣ್ಣು ಮುಚ್ಚಿದಳು. ನಿದ್ದೆ ಹತ್ತಲಿಲ್ಲ. ಪಕ್ಕದಲ್ಲಿ ಅಪ್ಪ ನೆಲದ ಮೇಲೆ ಮಂಡಿ ಕಟ್ಟಿಕೊಂಡು ಕೂತಿದ್ದ, ನಾಲ್ಕು ವರ್ಷದವರು ಕೂರುವ ಹಾಗೆ. ಆಮಾ ಹೇಳುತ್ತಲೇ ಹೋದಳು. ಯೆನ್‌ಗೆ ಅರ್ಧ ತಿಳಿಯಿತು, ಅರ್ಧ ಅಲೆಯ ಹಾಗೆ ಬಂದು ಹೋಯಿತು. ಇಲ್ಲಿನ ಮೊದಲ ಚಳಿಗಾಲ, ಹುಂಗ್‌ನ ಶಾಲೆ, ಸೊಸೆಯ ಕೈಯಡುಗೆ, ಮೀನಿನ ಬೆಲೆ. ಪ್ರತಿಯೊಂದಾದ ಮೇಲೂ ಆಮಾ ಸ್ವಲ್ಪ ತಡೆಯುತ್ತಿದ್ದಳು, ಫೋನಿನಲ್ಲಿ ಮಾತಾಡುವವರು ಆ ಕಡೆಯ ಮಾತಿಗೆ ತಡೆಯುವಂತೆ. ಒಂದು ಸಲ ಹಾಗೆ ತಡೆದವಳು ಮುಂದಕ್ಕೆ ಬಾಗಿ, ಕಿವಿ ಕೊಟ್ಟು, ತನ್ನ ಎಳೆಯ ದನಿಯಲ್ಲಿ ಹೇಳಿದಳು:

"ಏನಂದ್ರಿ? ಜೋರಾಗೇ ಹೇಳಿ. ಇಲ್ಲಿ ಯಾರೂ ಹಿಡ್ಕೊಂಡು ಹೋಗಲ್ಲ."